ಸೋತ ದಿನವೇ ನಕಲಿಗೆ ಅರ್ಜಿ ಹಾಕಿ: ಗುಜರಾತಿನ ಕನ್ನಡಿಗರಿಗೆ ಮೇಲ್ಮನವಿಯ ಹಾದಿ

ಅಹಮದಾಬಾದ್: ಕೋಲಾರದಲ್ಲಿ ಆಡಿದ ಒಂದು ಮಾತಿಗೆ ಸೂರತ್‌ನಲ್ಲಿ ಶಿಕ್ಷೆಯಾದ ಪ್ರಕರಣ ಹೊರನಾಡ ಕನ್ನಡಿಗರಿಗೆ ನೆನಪಿರಬಹುದು. 2019ರ ಏಪ್ರಿಲ್ 13ರಂದು ಲೋಕಸಭಾ ಚುನಾವಣೆಯ ಪ್ರಚಾರಕ್ಕೆಂದು ಕೋಲಾರಕ್ಕೆ ಬಂದಿದ್ದ ಕಾಂಗ್ರೆಸ್ ನಾಯಕ ರಾಹುಲ್ ಗಾಂಧಿ ಅವರು ಮೋದಿ ಎಂಬ ಅಡ್ಡಹೆಸರಿನ ಕುರಿತು ಆಡಿದ ಮಾತಿನ ಮೇಲೆ ಸೂರತ್ ಪಶ್ಚಿಮ ಕ್ಷೇತ್ರದ ಶಾಸಕ ಪೂರ್ಣೇಶ್ ಮೋದಿ ಅವರು ಮಾನನಷ್ಟ ಮೊಕದ್ದಮೆ ಹೂಡಿದ್ದರು. 2023ರ ಮಾರ್ಚ್ 23ರಂದು ಸೂರತ್‌ನ ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟ್ ನ್ಯಾಯಾಲಯ ಎರಡು ವರ್ಷಗಳ ಸಜೆ ವಿಧಿಸಿತು. ಮರುದಿನವೇ ಅವರ ಲೋಕಸಭಾ ಸದಸ್ಯತ್ವ ರದ್ದಾಯಿತು. ಅಲ್ಲಿಂದ ಮುಂದೆ ಆ ಪ್ರಕರಣ ಸೂರತ್‌ನ ಸೆಷನ್ಸ್ ನ್ಯಾಯಾಲಯ, ಅಹಮದಾಬಾದಿನ ಹೈಕೋರ್ಟ್, ದೆಹಲಿಯ ಸುಪ್ರೀಂ ಕೋರ್ಟ್ ಎಂದು ಮೂರು ಮೆಟ್ಟಿಲು ಹತ್ತಿತು.

ರಾಜಕೀಯ ಏನೇ ಇರಲಿ. ಗುಜರಾತಿನಲ್ಲಿ ಕೇಸು ಸೋತ ಸಾಮಾನ್ಯ ಮನುಷ್ಯನೊಬ್ಬ ಮೇಲ್ಮನವಿಗೆ ಹೊರಟರೆ ಯಾವ ಬಾಗಿಲುಗಳನ್ನು ತಟ್ಟಬೇಕು, ಎಲ್ಲೆಲ್ಲಿ ಕಾಯಬೇಕು ಎಂಬುದನ್ನು ಆ ಪ್ರಕರಣದಷ್ಟು ಸ್ಪಷ್ಟವಾಗಿ ತೋರಿಸಿದ ಉದಾಹರಣೆ ಈಚಿನ ವರ್ಷಗಳಲ್ಲಿ ಇನ್ನೊಂದಿಲ್ಲ. ಅಹಮದಾಬಾದ್, ವಡೋದರಾ (ನಮ್ಮವರ ಬಾಯಲ್ಲಿ ಇಂದಿಗೂ ಬರೋಡಾ), ಸೂರತ್ ನಗರಗಳಲ್ಲಿ ಹೋಟೆಲು, ವ್ಯಾಪಾರ, ನೌಕರಿ ಎಂದು ನೆಲೆಸಿರುವ ಕನ್ನಡಿಗರಲ್ಲಿ ಕೋರ್ಟಿನ ಹತ್ತಿರ ಸುಳಿಯಬಾರದೆಂದು ಇರುವವರೇ ಹೆಚ್ಚು. ಆದರೂ ಅಂಗಡಿಯ ಬಾಡಿಗೆ, ಮರಳಿದ ಚೆಕ್ಕು, ಹೆದ್ದಾರಿಯ ಅಪಘಾತ, ಕೆಲಸದಿಂದ ವಜಾ ಎಂದು ಒಂದಲ್ಲ ಒಂದು ಕಾರಣಕ್ಕೆ ಆ ಮೆಟ್ಟಿಲು ಹತ್ತಬೇಕಾಗುತ್ತದೆ. ಅಲ್ಲಿ ಸೋತಾಗ ಮೊದಲು ಬರುವ ಪ್ರಶ್ನೆ, ದೊಡ್ಡ ವಕೀಲರು ಯಾರಿದ್ದಾರೆ ಎಂಬುದು. ಅದು ಎರಡನೆಯ ಪ್ರಶ್ನೆಯಾಗಬೇಕು. ತೀರ್ಪಿನ ನಕಲಿಗೆ ಅರ್ಜಿ ಬಿತ್ತೇ ಎಂಬುದೇ ಮೊದಲ ಪ್ರಶ್ನೆ.

ಸೂರತ್ ಪ್ರಕರಣದ ತಾರೀಖುಗಳನ್ನೇ ನೋಡಿದರೆ ಇದು ತಿಳಿಯುತ್ತದೆ. ಶಿಕ್ಷೆ ಮೂರು ವರ್ಷ ಮೀರದಿದ್ದು, ಆರೋಪಿ ಮೊದಲೇ ಜಾಮೀನಿನ ಮೇಲಿದ್ದರೆ, ಮೇಲ್ಮನವಿ ಹಾಕಿಕೊಳ್ಳುವಷ್ಟು ಕಾಲ ಶಿಕ್ಷೆ ಕೊಟ್ಟ ನ್ಯಾಯಾಲಯವೇ ಜಾಮೀನು ಕೊಡಬಹುದು. ಅದರಂತೆ ಮ್ಯಾಜಿಸ್ಟ್ರೇಟರು 30 ದಿನಗಳ ಅವಕಾಶ ಕೊಟ್ಟರು. ತೀರ್ಪು ಸುದೀರ್ಘವಾಗಿತ್ತು, ಗುಜರಾತಿ ಭಾಷೆಯಲ್ಲಿತ್ತು. ಅನುವಾದ ನಡೆಯುತ್ತಿದೆ ಎಂದು ಕಾಂಗ್ರೆಸ್ ಪರ ವಕೀಲರು ಆಗ ಹೇಳಿದ್ದರು. ದೇಶದ ಹೆಸರಾಂತ ವಕೀಲರ ಪಡೆಯೇ ಬೆನ್ನಿಗಿದ್ದರೂ ಮೇಲ್ಮನವಿ ಸಲ್ಲಿಕೆಯಾದದ್ದು 11ನೆಯ ದಿನ, ಏಪ್ರಿಲ್ 3ರಂದು. ಸೆಷನ್ಸ್ ನ್ಯಾಯಾಲಯ ಜಾಮೀನು ಮುಂದುವರಿಸಿತು. ಆದರೆ ದೋಷಿ ಎಂಬ ತೀರ್ಮಾನಕ್ಕೆ ತಡೆ ಕೊಡಲು ಏಪ್ರಿಲ್ 20ರಂದು ನಿರಾಕರಿಸಿತು. ಹೈಕೋರ್ಟಿನಲ್ಲಿ ಒಬ್ಬ ನ್ಯಾಯಮೂರ್ತಿಗಳು ವಿಚಾರಣೆಯಿಂದ ಹಿಂದೆ ಸರಿದರು. ಇನ್ನೊಬ್ಬರು ಮೇ 2ರಂದು ವಾದ ಮುಗಿಸಿ ತೀರ್ಪು ಕಾಯ್ದಿರಿಸಿದರು. ನಡುವೆ ಬೇಸಿಗೆ ರಜೆ ಬಂತು. ಜುಲೈ 7ರಂದು ಅರ್ಜಿ ವಜಾ ಆಯಿತು. ಆಗಸ್ಟ್ 4ರಂದು ಸುಪ್ರೀಂ ಕೋರ್ಟ್ ತಡೆ ನೀಡಿತು, 7ರಂದು ಸದಸ್ಯತ್ವ ಮರಳಿತು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಶಿಕ್ಷೆಯನ್ನು ಅಮಾನತಿನಲ್ಲಿಡುವುದು ಬೇರೆ, ದೋಷಿ ಎಂಬ ತೀರ್ಮಾನಕ್ಕೇ ತಡೆ ಕೊಡುವುದು ಬೇರೆ. ಮೊದಲನೆಯದು ಸಿಕ್ಕರೆ ಜೈಲು ತಪ್ಪುತ್ತದೆ, ಅಷ್ಟೇ. ಎರಡನೆಯದು ಸಿಗದೆ ಹುದ್ದೆ, ಪದವಿ ಉಳಿಯುವುದಿಲ್ಲ. ಗರಿಷ್ಠ ಶಿಕ್ಷೆಯನ್ನೇ ಏಕೆ ಕೊಟ್ಟರೆಂಬುದಕ್ಕೆ ಕಾರಣ ಬರೆದಿಲ್ಲ, ಒಂದು ದಿನ ಕಡಿಮೆಯಾಗಿದ್ದರೂ ಅನರ್ಹತೆ ಬರುತ್ತಿರಲಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಬ್ಯಾಂಕಿನಲ್ಲೋ ಸರಕಾರಿ ಕಾರ್ಖಾನೆಯಲ್ಲೋ ನೌಕರಿಯಲ್ಲಿರುವವರಿಗೂ ಇದೇ ಮಾತು ಅನ್ವಯ. ಜಾಮೀನು ಸಿಕ್ಕಿತೆಂದು ಸಿಹಿ ಹಂಚಿ ಮನೆಗೆ ಬಂದ ಮೇಲೆ ವಜಾ ಆದೇಶ ಕೈಗೆ ಬಂದರೆ ಮತ್ತೆ ಓಡಬೇಕಾಗುತ್ತದೆ. ವಕೀಲರೊಡನೆ ಮೊದಲ ಭೇಟಿಯಲ್ಲೇ ತಾನು ಯಾವ ನೌಕರಿಯಲ್ಲಿದ್ದೇನೆ ಎಂಬುದನ್ನು ಹೇಳಿ, ಯಾವ ತಡೆ ಕೇಳುತ್ತೀರೆಂದು ವಿಚಾರಿಸುವುದು ಒಳ್ಳೆಯದು.

ಇನ್ನು ದಿನಗಳ ಲೆಕ್ಕ. ಸಿವಿಲ್ ದಾವೆಯಲ್ಲಿ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಹೋಗುವುದಾದರೆ 30 ದಿನ, ಹೈಕೋರ್ಟಿಗಾದರೆ 90 ದಿನ. ಕ್ರಿಮಿನಲ್ ಪ್ರಕರಣದಲ್ಲಿ ಶಿಕ್ಷೆಯಾದವರಿಗೆ ಸೆಷನ್ಸ್ ನ್ಯಾಯಾಲಯಕ್ಕೆ 30 ದಿನ, ಹೈಕೋರ್ಟಿಗೆ 60 ದಿನ. ಹೈಕೋರ್ಟಿನ ತೀರ್ಪಿನ ವಿರುದ್ಧ ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿ ಅರ್ಜಿ ಹಾಕಲು ಸಾಮಾನ್ಯವಾಗಿ 90 ದಿನ. ತೀರ್ಪಿನ ದೃಢೀಕೃತ ನಕಲು ಪಡೆಯಲು ಹಿಡಿದ ದಿನಗಳನ್ನು 1963ರ ಕಾಲಮಿತಿ ಕಾಯ್ದೆಯ 12ನೆಯ ಕಲಮಿನ ಪ್ರಕಾರ ಈ ಲೆಕ್ಕದಿಂದ ಬಿಡಲಾಗುತ್ತದೆ. ಆದರೆ ಅರ್ಜಿ ಕೊಟ್ಟ ಮೇಲಿನ ದಿನಗಳಿಗೆ ಮಾತ್ರ ಈ ವಿನಾಯಿತಿ. ಸೋತ ಬೇಸರದಲ್ಲಿ ಹದಿನೈದು ದಿನ ಮನೆಯಲ್ಲೇ ಕುಳಿತು ಆಮೇಲೆ ನಕಲಿಗೆ ಅರ್ಜಿ ಹಾಕಿದವರ ಲೆಕ್ಕದಲ್ಲಿ ಆ ಹದಿನೈದು ದಿನ ಕಳೆದೇ ಹೋಗುತ್ತದೆ. ಅರ್ಜಿ ಹಾಕಲು ಹೊಸ ವಕೀಲರೂ ಬೇಕಿಲ್ಲ. ಕೆಳಗಿನ ಕೋರ್ಟಿನ ವಕೀಲರ ಕಡೆಯಿಂದಲೇ ತೀರ್ಪಿನ ದಿನ ಹಾಕಿಸಬಹುದು. ನಕಲಿನ ಮೇಲೆ ಅರ್ಜಿಯ ತಾರೀಖು, ನಕಲು ಸಿದ್ಧವಾದ ತಾರೀಖು, ಕೊಟ್ಟ ತಾರೀಖು ಇರುತ್ತವೆ. ಮೇಲ್ಮನವಿ ವಕೀಲರು ತೀರ್ಪನ್ನು ಓದುವ ಮೊದಲು ನೋಡುವುದು ಈ ತಾರೀಖುಗಳನ್ನೇ.

ಕೊನೆಯ ದಿನ ಕೋರ್ಟಿಗೆ ರಜೆಯಿದ್ದರೆ ಬಾಗಿಲು ತೆರೆದ ದಿನ ಸಲ್ಲಿಸಬಹುದು. ತಡವಾದರೆ ಸಕಾರಣ ತೋರಿಸಿ ಮನ್ನಾ ಕೇಳಬಹುದು. ಆದರೆ ಮನ್ನಾ ಹಕ್ಕಲ್ಲ, ನ್ಯಾಯಾಲಯದ ವಿವೇಚನೆ. ಕೋವಿಡ್ ಕಾಲದಲ್ಲಿ ಸುಪ್ರೀಂ ಕೋರ್ಟ್ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಕಾಲವನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಆದೇಶಿಸಿತ್ತು. ಆ ಸಡಿಲಿಕೆಯ ನೆನಪಿನಲ್ಲೇ ಇರುವವರು ಈಗ ಎಚ್ಚರಾಗಬೇಕು.

ಭಾಷೆಯ ತೊಡಕು ಹೊರನಾಡಿಗರಿಗೆ ಎರಡು ಪಟ್ಟು. ಭದ್ರಾದ ಸಿಟಿ ಸಿವಿಲ್ ಕೋರ್ಟನ್ನು ಬಿಟ್ಟು ಜಿಲ್ಲೆಗಳ ಕೆಳಗಿನ ಕೋರ್ಟುಗಳಿಗೆ ಹೋದರೆ ಹೇಳಿಕೆ, ಸಾಕ್ಷ್ಯ, ತೀರ್ಪು ಹೆಚ್ಚಾಗಿ ಗುಜರಾತಿಯಲ್ಲೇ ಇರುತ್ತವೆ. ಅಂಗಡಿಯಲ್ಲಿ ಸರಾಗವಾಗಿ ಗುಜರಾತಿ ಆಡುವವರಿಗೂ ಕೋರ್ಟಿನ ಗುಜರಾತಿ ಓದಲು ಕಷ್ಟ. ವಕೀಲ, ದಾವೆ, ಫಿರ್ಯಾದಿ, ನಕಲು, ಹುಕುಂ, ಮುದ್ದತು ಇವೆಲ್ಲ ಎರಡೂ ಭಾಷೆಗಳಿಗೆ ಪರಿಚಿತ ಮಾತುಗಳೆಂಬುದೊಂದೇ ಸಮಾಧಾನ. ನಮ್ಮಲ್ಲಿ ಲೆಕ್ಕ ಚುಕ್ತಾ ಆದರೆ ಅವರಲ್ಲಿ ತೀರ್ಪಿಗೇ ‘ಚುಕಾದೊ’ ಎನ್ನುತ್ತಾರೆ. ಹೈಕೋರ್ಟಿನ ಭಾಷೆಯಾದರೋ ಸಂವಿಧಾನದ 348ನೆಯ ವಿಧಿಯಂತೆ ಇಂಗ್ಲಿಷ್. ಕೆಳಗಿನ ದಾಖಲೆಗಳೆಲ್ಲ ಇಂಗ್ಲಿಷಿಗೆ ಅನುವಾದವಾಗಬೇಕು. ಈ ಖರ್ಚನ್ನು ಕಕ್ಷಿದಾರರೇ ಹೊರಬೇಕು, ಈ ದಿನಗಳೂ ಅವರವೇ.

2021ರ ಅಕ್ಟೋಬರ್‌ನಿಂದ 2023ರ ಫೆಬ್ರವರಿಯವರೆಗೆ ಗುಜರಾತ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾಗಿದ್ದವರು ಕರ್ನಾಟಕದವರೇ ಆದ ಅರವಿಂದ ಕುಮಾರ್. ಅನಂತರ ಅವರು ಸುಪ್ರೀಂ ಕೋರ್ಟಿಗೆ ಹೋದರು. 2022ರ ಜನವರಿಯಲ್ಲಿ ತನ್ನ ಪ್ರಕರಣವನ್ನು ತಾನೇ ವಾದಿಸಲು ಬಂದ ವ್ಯಕ್ತಿಯೊಬ್ಬರು ಗುಜರಾತಿಯಲ್ಲೇ ಮಾತನಾಡಿದಾಗ, ಹಾಗಾದರೆ ತಾವು ಕನ್ನಡದಲ್ಲಿ ಉತ್ತರಿಸಬೇಕಾದೀತು ಎಂಬರ್ಥದ ಮಾತನ್ನು ಅವರು ಹೇಳಿದ್ದು ಪತ್ರಿಕೆಗಳಲ್ಲಿ ವರದಿಯಾಗಿತ್ತು. ಸೋಲಾದ ಆ ಕಟ್ಟಡದಲ್ಲಿ ಕನ್ನಡದ ಹೆಸರು ಕೇಳಿಬಂದದ್ದು ಇಲ್ಲಿನ ಕನ್ನಡಿಗರಿಗೆ ಒಂದು ಕ್ಷಣ ಖುಷಿ ಕೊಟ್ಟಿದ್ದರೆ ಆಶ್ಚರ್ಯವಿಲ್ಲ. ಆದರೆ ಆ ಮಾತಿನ ಹುರುಳು ಬೇರೆ. ತನ್ನದೇ ನೆಲದಲ್ಲಿ ಗುಜರಾತಿಯೂ ಹೈಕೋರ್ಟಿನ ಭಾಷೆಯಲ್ಲ. ಗುಜರಾತಿಯನ್ನು ಗುಜರಾತ್ ಹೈಕೋರ್ಟಿನಲ್ಲಿ, ಕನ್ನಡವನ್ನು ಕರ್ನಾಟಕ ಹೈಕೋರ್ಟಿನಲ್ಲಿ ಬಳಸಲು ಅನುಮತಿ ಕೇಳಿದ ಎರಡೂ ರಾಜ್ಯಗಳ ಪ್ರಸ್ತಾವಗಳನ್ನು, ತಮಿಳುನಾಡು, ಪಶ್ಚಿಮ ಬಂಗಾಳ, ಛತ್ತೀಸಗಡದವುಗಳ ಜೊತೆಗೆ, ಸುಪ್ರೀಂ ಕೋರ್ಟಿನ ಪೂರ್ಣಪೀಠ ಸಭೆ 2012ರ ಅಕ್ಟೋಬರ್ 11ರಂದು ಒಪ್ಪಲಿಲ್ಲ.

ಸೂರತ್‌ನಿಂದ ಸೋಲಾಕ್ಕೆ ಸುಮಾರು 260 ಕಿ.ಮೀ., ಬರೋಡಾದಿಂದ 110 ಕಿ.ಮೀ. ಕರ್ನಾಟಕದಲ್ಲಾದರೆ 2008ರಿಂದ ಧಾರವಾಡ ಮತ್ತು ಕಲಬುರಗಿಯಲ್ಲಿ ಪೀಠಗಳು ನಡೆಯುತ್ತಿವೆ. ಗುಜರಾತಿನಲ್ಲಿ ಹೈಕೋರ್ಟ್ ಎಂದರೆ ಅಹಮದಾಬಾದ್ ಒಂದೇ. ಹಾಗಾಗಿ ಸೂರತ್‌ನವರು ವಕೀಲರನ್ನು ಗೊತ್ತುಮಾಡುವಾಗ ಊರಿನ ವಕೀಲರೇ ಹೋಗಿಬರುತ್ತಾರೋ, ಅಹಮದಾಬಾದಿನವರಿಗೆ ಒಪ್ಪಿಸುತ್ತಾರೋ ಎಂದು ಮೊದಲೇ ಕೇಳಬೇಕು. ಒಪ್ಪಿಸುವುದಾದರೆ ಶುಲ್ಕ ಯಾರಿಗೆ, ಎಷ್ಟು, ಕೋರ್ಟ್ ಫೀ, ಅನುವಾದ, ಟೈಪಿಂಗ್ ಅದರಲ್ಲೇ ಸೇರಿದೆಯೋ ಇಲ್ಲವೋ ಎಂಬುದು ಬರಹದಲ್ಲಿರಲಿ. ಕೊಟ್ಟ ಹಣಕ್ಕೆಲ್ಲ ರಸೀದಿಯಿರಲಿ. ಪ್ರಕರಣಕ್ಕೆ ಸಿಗುವ 16 ಅಂಕಿಗಳ ಸಿಎನ್ಆರ್ ಸಂಖ್ಯೆಯನ್ನು ಬರೆದಿಟ್ಟುಕೊಂಡರೆ ಮುಂದಿನ ತಾರೀಖನ್ನು ಯಾರನ್ನೂ ಕೇಳದೆ ಮೊಬೈಲಿನಲ್ಲೇ ನೋಡಬಹುದು. 2020ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ, 2021ರ ಜುಲೈ 17ರಿಂದ ವಿಧ್ಯುಕ್ತವಾಗಿ ಗುಜರಾತ್ ಹೈಕೋರ್ಟ್ ತನ್ನ ಕಲಾಪವನ್ನು ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡತೊಡಗಿತು. ದೇಶದಲ್ಲಿ ಈ ಕೆಲಸಕ್ಕೆ ಮೊದಲು ಕೈಹಾಕಿದ ಹೈಕೋರ್ಟ್ ಅದೇ. ಪ್ರಸಾರವಾಗುವ ಪ್ರಕರಣವಾದರೆ, ತಮ್ಮ ಸರದಿ ಬಂದಾಗ ವಕೀಲರು ಎದ್ದು ನಿಂತರೋ ಇಲ್ಲವೋ ಎಂಬುದನ್ನು ಸೂರತ್‌ನ ಹೋಟೆಲಿನ ಗಲ್ಲಾದ ಮೇಲೆ ಕುಳಿತೇ ನೋಡಬಹುದು.

ಕೆಳಗಿನ ಕೋರ್ಟಿನಲ್ಲಿ ವಾದಿಸಿದವರೇ ಮೇಲೆಯೂ ಬೇಕೆಂಬ ನಿಯಮವಿಲ್ಲ. ಮೇಲ್ಮನವಿ ಎಂದರೆ ಹೊಸ ಪ್ರಕರಣ, ಹೊಸ ವಕಾಲತ್‌ನಾಮೆ. ನಡೆಯುತ್ತಿರುವ ಪ್ರಕರಣದ ನಡುವೆ ವಕೀಲರನ್ನು ಬದಲಿಸುವಾಗ ಮಾತ್ರ ಹಳೆಯವರ ಒಪ್ಪಿಗೆ, ಅದು ಸಿಗದಿದ್ದರೆ ನ್ಯಾಯಾಲಯದ ಅನುಮತಿ ಬೇಕು. ಹಳೆಯ ವಕೀಲರು ಶುಲ್ಕ ಬಾಕಿಯೆಂದು ಕಡತ ಹಿಡಿದಿಟ್ಟುಕೊಂಡರೆ? ಹಾಗೆ ಹಿಡಿಯುವ ಹಕ್ಕು ವಕೀಲರಿಗಿಲ್ಲವೆಂದು ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ನೇ ಇಸವಿಯಲ್ಲೇ ತೀರ್ಪಿತ್ತಿದೆ. ಬಾಕಿಯನ್ನು ಬೇರೆ ದಾರಿಯಿಂದ ವಸೂಲು ಮಾಡಿಕೊಳ್ಳಬಹುದು, ಕಡತ ಮಾತ್ರ ಕಕ್ಷಿದಾರರಿಗೆ ಕೊಡಲೇಬೇಕು. ಈ ಒಂದು ತೀರ್ಪು ಎಷ್ಟೋ ಜನರಿಗೆ ಗೊತ್ತಿಲ್ಲ.

ಗೆದ್ದರೆ ಬಂದ ಹಣದಲ್ಲಿ ಇಷ್ಟು ಪಾಲು ಎಂಬ ಒಪ್ಪಂದವನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಅಪಘಾತ ಪರಿಹಾರದ ಪ್ರಕರಣಗಳಲ್ಲಿ ಇಂಥ ಮಾತು ಬಂದರೆ ಎದ್ದುಬರುವುದೇ ಕ್ಷೇಮ. ‘ಹಿರಿಯ ವಕೀಲರು’ ಎಂಬ ಪದವಿ ಪಡೆದವರು ನೇರವಾಗಿ ವಕಾಲತ್ತು ಹಾಕುವಂತಿಲ್ಲ. ಅವರನ್ನು ಇಟ್ಟುಕೊಂಡರೆ ಜೊತೆಗೆ ಇನ್ನೊಬ್ಬ ವಕೀಲರ ಶುಲ್ಕವೂ ಬೀಳುತ್ತದೆ. ಸುಪ್ರೀಂ ಕೋರ್ಟಿನಲ್ಲಂತೂ ಅಡ್ವೊಕೇಟ್ ಆನ್ ರೆಕಾರ್ಡ್ ಎಂದು ನೋಂದಾಯಿತರಾದವರ ಮೂಲಕವೇ ಪ್ರಕರಣ ದಾಖಲಾಗಬೇಕು. ವಕೀಲರ ಸೇವೆಯಲ್ಲಿ ಲೋಪವಾಯಿತೆಂದು ಗ್ರಾಹಕ ನ್ಯಾಯಾಲಯಕ್ಕೆ ಹೋಗುವಂತಿಲ್ಲವೆಂದು 2024ರ ಮೇ 14ರಂದು ಸುಪ್ರೀಂ ಕೋರ್ಟ್ ಹೇಳಿದೆ. ದುರ್ನಡತೆಯ ದೂರಿಗೆ ಇರುವುದು ರಾಜ್ಯ ವಕೀಲರ ಪರಿಷತ್ತು. ಆದ್ದರಿಂದ ಆಯ್ಕೆಯಲ್ಲೇ ಎಚ್ಚರ ಬೇಕು. ಖಾಲಿ ಕಾಗದಕ್ಕೆ ಸಹಿ ಬೇಡ. ಓದಲು ಬಾರದ ಭಾಷೆಯ ಪ್ರಮಾಣಪತ್ರವಾದರೆ ಅದನ್ನು ತಿಳಿಯುವ ಭಾಷೆಯಲ್ಲಿ ಓದಿ ಹೇಳಿಸಿಕೊಂಡ ಮೇಲೆಯೇ ಸಹಿ.

ಬಾಡಿಗೆ ಜಾಗದಲ್ಲಿ ಹೋಟೆಲು ನಡೆಸುವವರ ಕಷ್ಟವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬರೋಡಾದಲ್ಲೋ ಸೂರತ್‌ನಲ್ಲೋ ತಂದೆಯ ಕಾಲದಿಂದ ಪಗಡಿಯ ಮೇಲೆ ಹಿಡಿದ ಜಾಗವೆಂದಿಟ್ಟುಕೊಳ್ಳಿ. ಮಾಲೀಕರು ತೆರವಿನ ದಾವೆ ಗೆದ್ದರು. ಬಾಡಿಗೆ ಕಾಯ್ದೆಯಡಿ ಬರುವ ದಾವೆಯಾದರೆ ಜಿಲ್ಲಾ ನ್ಯಾಯಾಲಯಕ್ಕೆ ಒಂದೇ ಮೇಲ್ಮನವಿ, ಅದಕ್ಕೆ 30 ದಿನ. ಅದರ ಮೇಲೆ ಎರಡನೆಯ ಮೇಲ್ಮನವಿಯಿಲ್ಲ. ಹೈಕೋರ್ಟಿನಲ್ಲಿರುವುದು ಪುನರ್‌ಪರಿಶೀಲನೆ ಮಾತ್ರ, ಅದರ ವ್ಯಾಪ್ತಿ ಕಿರಿದು. ಅಂದರೆ ಸಾಕ್ಷ್ಯವನ್ನು ಪೂರ್ತಿಯಾಗಿ ತೂಗಿ ನೋಡುವ ಕೊನೆಯ ಜಾಗ ಜಿಲ್ಲಾ ನ್ಯಾಯಾಲಯವೇ. ಆಮೇಲೆ ಹೈಕೋರ್ಟ್ ಇದ್ದೇ ಇದೆಯಲ್ಲ ಎಂದು ಇಲ್ಲಿ ಅಗ್ಗದ ವಕೀಲರನ್ನು ಹಿಡಿಯುವವರು ದುಡ್ಡು ಉಳಿಸುವುದಿಲ್ಲ, ಜಾಗ ಕಳೆದುಕೊಳ್ಳುತ್ತಾರೆ. ಸಾಮಾನ್ಯ ಸಿವಿಲ್ ದಾವೆಯಲ್ಲಿ ಎರಡನೆಯ ಮೇಲ್ಮನವಿ ಇದ್ದರೂ ಕಾನೂನಿನ ಮಹತ್ವದ ಪ್ರಶ್ನೆಯಿದ್ದರೆ ಮಾತ್ರ ಅದಕ್ಕೆ ಬೆಲೆ.

ಇನ್ನೊಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಮೇಲ್ಮನವಿ ಹಾಕಿದ ಮಾತ್ರಕ್ಕೆ ತೀರ್ಪು ನಿಲ್ಲುವುದಿಲ್ಲ. ತಡೆಯಾಜ್ಞೆಯನ್ನು ಬೇರೆಯಾಗಿ ಕೇಳಬೇಕು. ಅದಿಲ್ಲದಿದ್ದರೆ ಮೇಲ್ಮನವಿಯ ಕಡತ ಕಪಾಟಿನಲ್ಲಿರುವಾಗಲೇ ಅಮೀನರು ಬಂದು ಬೀಗ ಹಾಕಬಹುದು. ಮೇಲ್ಮನವಿಯ ಅವಧಿ ಮುಗಿಯುವ ಮುನ್ನ ತೀರ್ಪು ಕೊಟ್ಟ ಕೋರ್ಟನ್ನೇ ಕೆಲ ದಿನಗಳ ತಡೆ ಕೇಳಲು ಅವಕಾಶವಿದೆ. ತೀರ್ಪಿನ ದಿನವೇ ಅದನ್ನು ಕೇಳುವುದು ಬುದ್ಧಿವಂತಿಕೆ. ಹಾಗೆಯೇ ಕೆಳಗೆ ಹಾಜರುಪಡಿಸದ ಬಾಡಿಗೆ ರಸೀದಿ ಈಗ ಅಟ್ಟದ ಮೇಲೆ ಸಿಕ್ಕಿತೆಂದು ಮೇಲ್ಮನವಿಯಲ್ಲಿ ತಂದರೆ ಸುಲಭಕ್ಕೆ ಒಪ್ಪುವುದಿಲ್ಲ.

ಚೆಕ್ ಮರಳಿದ ಪ್ರಕರಣಗಳು ವ್ಯಾಪಾರದ ಊರಾದ ಸೂರತ್‌ನವರಿಗೆ ಹೊಸತಲ್ಲ. ಅಂಥದರಲ್ಲಿ ಶಿಕ್ಷೆಯಾಗಿ ಮೇಲ್ಮನವಿಗೆ ಹೋದರೆ, ದಂಡ ಅಥವಾ ಪರಿಹಾರದ ಕನಿಷ್ಠ ಶೇ. 20ರಷ್ಟನ್ನು ಠೇವಣಿ ಇಡಲು ನ್ಯಾಯಾಲಯ ಹೇಳಬಹುದು. 2018ರಲ್ಲಿ ಕಾಯ್ದೆಗೆ ಸೇರಿದ 148ನೆಯ ಕಲಮು ಇದು. ವಿಶೇಷ ಸಂದರ್ಭಗಳಲ್ಲಿ ಈ ಠೇವಣಿಯಿಂದ ವಿನಾಯಿತಿ ಕೊಡಬಹುದೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ವಕೀಲರ ಶುಲ್ಕದ ಜೊತೆ ಈ ಹಣವನ್ನೂ ಹೊಂದಿಸಿಟ್ಟುಕೊಂಡೇ ಹೊರಡಬೇಕು.

ಹಣವೇ ಇಲ್ಲದವರಿಗೂ ದಾರಿಯಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಬಂಧನದಲ್ಲಿರುವವರು ಆದಾಯ ಎಷ್ಟೇ ಇರಲಿ ಉಚಿತ ವಕೀಲರಿಗೆ ಅರ್ಹರು. ಉಳಿದವರಿಗೆ ಆದಾಯದ ಮಿತಿಯಿದೆ. ಈ ನೆರವು ಮೇಲ್ಮನವಿಗೂ ಉಂಟು. ಜಿಲ್ಲಾ ನ್ಯಾಯಾಲಯಗಳಲ್ಲಿ ಜಿಲ್ಲಾ ಪ್ರಾಧಿಕಾರ, ಹೈಕೋರ್ಟಿನಲ್ಲಿ ಅದರದೇ ಕಾನೂನು ಸೇವಾ ಸಮಿತಿ ಇದನ್ನು ನೋಡಿಕೊಳ್ಳುತ್ತವೆ. ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 15100. ರಾಜ್ಯೋತ್ಸವದ ಕರಪತ್ರದ ಹಿಂಬದಿಯಲ್ಲಿ ಕನ್ನಡ ಸಂಘಗಳು ಈ ಸಂಖ್ಯೆಯನ್ನು ಅಚ್ಚು ಹಾಕಿಸಿದರೆ ಖರ್ಚೇನೂ ಹೆಚ್ಚಾಗದು. ಗುಜರಾತಿ ತೀರ್ಪನ್ನು ಓದಿ ಸಾರಾಂಶವನ್ನು ಕನ್ನಡದಲ್ಲಿ ಹೇಳಬಲ್ಲ ಇಬ್ಬರು ಸದಸ್ಯರ ಹೆಸರನ್ನು ಸಂಘದ ಕಚೇರಿಯಲ್ಲಿ ಬರೆದಿಟ್ಟರಂತೂ ಅದು ಒಂದು ಸನ್ಮಾನ ಸಮಾರಂಭಕ್ಕಿಂತ ಹೆಚ್ಚಿನ ಉಪಕಾರ.

ಊರಿನ ಆಸ್ತಿಯ ದಾವೆಗಳದು ಇದರ ತಿರುವುಮುರುವು ಕಥೆ. ಉಡುಪಿಯಲ್ಲೋ ವಿಜಯಪುರದಲ್ಲೋ ಪಾಲಿನ ದಾವೆ ತೀರ್ಮಾನವಾದರೆ ತೀರ್ಪು ಕನ್ನಡದಲ್ಲಿ ಬರುವುದುಂಟು. ದಿನಗಳ ಲೆಕ್ಕ ಅಲ್ಲಿಯೂ ಇದೇ. ಅಂಚೆಯಲ್ಲಿ ಬಂದ ಆ ಕಾಗದವನ್ನು, ಬರೋಡಾದಲ್ಲೇ ಹುಟ್ಟಿ ಗುಜರಾತಿ ಶಾಲೆಯಲ್ಲಿ ಓದಿದ ಮಗನಿಗೆ ಓದಲು ಬರುವುದಿಲ್ಲ. ತಂದೆ ಊರಿಗೆ ಹೋಗಿಬರುವಷ್ಟು ಗಟ್ಟಿಯಾಗಿಲ್ಲದಿದ್ದರೆ ಮುಖ್ತಿಯಾರ್ ಪತ್ರ ಬರೆದು ಅಲ್ಲಿನ ನಂಬಿಕಸ್ಥರೊಬ್ಬರಿಗೆ ಅಧಿಕಾರ ಕೊಡಬೇಕಾಗುತ್ತದೆ. ಆ ಪತ್ರದಲ್ಲಿ ದಾವೆ ನಡೆಸುವ ಅಧಿಕಾರದ ಜೊತೆಗೆ ನಕಲು ಪಡೆಯುವ, ಮೇಲ್ಮನವಿ ಸಲ್ಲಿಸುವ, ವಕೀಲರನ್ನು ನೇಮಿಸುವ ಮತ್ತು ಬದಲಿಸುವ ಅಧಿಕಾರವನ್ನೂ ಹೆಸರಿಸಿ ಬರೆಸಬೇಕು. ಜಮೀನು ಮಾರುವ ಅಧಿಕಾರವನ್ನು ಅದರಲ್ಲಿ ಸೇರಿಸಬೇಕಾಗಿಲ್ಲ.